ಉಮಾನಾಥನ ಬೈಕಿನ ಎರಡು ಶಾಕಪ್ಪು

ಹಟ್ಟಿಯಂಗಡಿಯ ಬಾಗಕ್ಕ ಪೆಟ್ಟಿಗೆಯಿಂದ ಒಂದು ಬೈಗೆ ಮೀನನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಹ್ವಾಯ್, ಇದ್ ಮೀನಾ, ಚಟ್ನಿಯಾ?" ಎಂದು ಕೇಳಿದ ದಿನ ಉಮಾನಾಥನ ತಾಳ್ಮೆ ತೀರಿತು.

ಇಪ್ಪತ್ತು ವರ್ಷದಿಂದ ಅವನು ಮನೆಮನೆಗೆ ಮೀನು ಕೊಟ್ಟವನು. ಮೊದಲು ಸೈಕಲ್ಲು, ಆಮೇಲೆ ಯಾರೋ ಓಡಿಸಿ ಬಿಟ್ಟ ಬೈಕು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಹಿಂದಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ, ತ್ರಾಸಿ, ಹೆಮ್ಮಾಡಿ ದಾಟಿ ತಲ್ಲೂರಿನ ಒಳದಾರಿಗಳಲ್ಲಿ ಹಾರ್ನ್ ಒತ್ತುತ್ತ ಹೋಗುವುದು. ಹಳಸಿದ ಮೀನು ಕೊಟ್ಟ ಎಂದು ಒಬ್ಬರೂ ಹೇಳಿದ್ದಿಲ್ಲ. ಈಗ ಮೀನೇನೋ ತಾಜಾ, ಆದರೆ ಹೊಟ್ಟೆ ಒಡೆದದ್ದು. ನಾಲ್ಕು ಪಥ ಮಾಡುತ್ತೇವೆಂದು ಹೆದ್ದಾರಿಯನ್ನು ಅಗೆದು ಹಾಕಿದ್ದರು. ಹಿಂದಿನ ಚಕ್ರದ ಎರಡು ಬದಿಗೆ ಕುಲುಕು ತಡೆಯುವ ಶಾಕಪ್ಪುಗಳಲ್ಲಿ ಎಣ್ಣೆ ಸೋರಿ ಎಷ್ಟೋ ತಿಂಗಳಾಗಿತ್ತು. ಹೊಂಡ ಸಿಕ್ಕಿದರೆ ಪೆಟ್ಟಿಗೆ ಒಂದು ಗೇಣು ಹಾರುತ್ತಿತ್ತು, ಅದರ ಜೊತೆ ಉಮಾನಾಥನ ಸೊಂಟವೂ.

ಹೆಮ್ಮಾಡಿಯ ಗ್ಯಾರೇಜಿನ ಕಿಟ್ಟನ ಹತ್ತಿರ ಮೂರು ಸಲ ಹೋದದ್ದಾಯಿತು. ಮೂರು ಸಲವೂ ಒಂದೇ ಮಾತು: "ನಾಳೆ ತಕಬನ್ನಿ ಉಮಾನಾಥಣ್ಣ, ಕಾಂಬ." ಮೂರನೆಯ ಸಲ ಒಂದೂವರೆ ಗಂಟೆ ಕೂರಿಸಿ, ಆಮೇಲೆ ಬಂದ ಯಾರದೋ ಸ್ಕೂಟರಿಗೆ ಕನ್ನಡಿ ಸಿಕ್ಕಿಸಲು ಎದ್ದ. ಉಮಾನಾಥ ಬೈಕು ತಿರುಗಿಸಿದವನು ಸೀದಾ ಕುಂದಾಪುರಕ್ಕೆ ಹೋಗಿ ಹೊಸ ಜೋಡಿ ಶಾಕಪ್ಪು ತಂದ.

"ಹಾಕುದ್ ಯಾರ್?" ಕೇಳಿದಳು ಹೆಂಡತಿ ಜಲಜ.

"ನಾನೇ. ನಾಕ್ ಬೋಲ್ಟ್ ಬಿಚ್ಚುಕೆ ಕಿಟ್ಟ ಎಂತಕೆ?"

ಗಾಳಿಯೆದ್ದು ಬೋಟು ಕಡಲಿಗಿಳಿಯದ ಒಂದು ದಿನ, ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಗೋಣಿ ಹಾಸಿ ಕೂತ. ಎಡಬದಿಯ ಶಾಕಪ್ಪು ಕಾಲು ಗಂಟೆಯೊಳಗೆ ಕೈಗೆ ಬಂತು. ಅದನ್ನು ಜಗಲಿಯಲ್ಲಿ ಜಲಜಳಿಗೆ ಕಾಣುವ ಹಾಗೆ ಇಟ್ಟು, ಒಂದು ಲೋಟ ಚಾ ಕುಡಿದು, ಬಲಬದಿಗೆ ಹೋದ.

ಅಲ್ಲಿಂದ ಶುರುವಾಯಿತು. ಹತ್ತು ವರ್ಷ ಪೆಟ್ಟಿಗೆಯ ಉಪ್ಪುನೀರು ತೊಟ್ಟಿಕ್ಕಿದ್ದೆಲ್ಲ ಆ ಬದಿಗೇ. ಕೆಳಗಿನ ನಟ್ಟು ತುಕ್ಕು ಹಿಡಿದು ಕಬ್ಬಿಣವೋ ಕಲ್ಲೋ ತಿಳಿಯದ ಹಾಗಾಗಿತ್ತು. ಸಾಲದ್ದಕ್ಕೆ ಸೈಲೆನ್ಸರ್ ಅಡ್ಡ. ಸೀಮೆಎಣ್ಣೆ ಬಿಟ್ಟ. ಸುತ್ತಿಗೆಯಿಂದ ತಟ್ಟಿದ. ಹಿಂದಿನಿಂದ ಅಂಗಾತ ಮಲಗಿ, ಚಕ್ರದಡಿ ತಲೆ ತೂರಿಸಿ, ಸ್ಪ್ಯಾನರಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಜಗ್ಗಿದ. ಸ್ಪ್ಯಾನರ್ ಜಾರಿ ನಾಲ್ಕು ಬೆರಳಿನ ಗೆಣ್ಣು ಸುಲಿಯಿತು. ಕಿಟ್ಟನಿಗೆ, ಹೆದ್ದಾರಿಯವರಿಗೆ, ನಟ್ಟು ಕಂಡುಹಿಡಿದವನಿಗೆ, ಎಲ್ಲರಿಗೂ ಬೈದ.

ಆಗ ಬೇಲಿಯಾಚೆಯಿಂದ ಪ್ರೇಮಾನಂದ ಬಂದ. ಬೊಂಬಾಯಿಯ ಹೋಟೆಲಿನಲ್ಲಿ ಹದಿನೈದು ವರ್ಷವಿದ್ದು ಬಂದವನು. ಅವನಿಗೆ ಗೊತ್ತಿಲ್ಲದ ಕೆಲಸ ಯಾವುದೂ ಇಲ್ಲ, ಮಾಡಿದ ಕೆಲಸವೂ ಹೆಚ್ಚೇನಿಲ್ಲ.

"ಬೊಂಬಾಯಂಗೆ ಹಿಂಗಲ್ಲ ಮಾರಾಯಾ. ನಟ್ ಬಿಸಿ ಮಾಡ್ತ್ರ್. ಬಿಸಿ ಆರೆ ತನ್ನಿಂದ ತಾನೇ ಬತ್ತ್."

"ಪೆಟ್ರೋಲ್ ಇಪ್ಪು ಗಾಡಿಗೆ ಬೆಂಕಿ ಹಿಡುದಾ? ನಿನ್ ತಲಿ ಸಮ ಇತ್ತಾ?"

ಪ್ರೇಮಾನಂದ ಬೇಸರ ಮಾಡಿಕೊಳ್ಳದೆ ಕೂರುವುದಕ್ಕೊಂದು ಕಲ್ಲು ನೋಡಿಕೊಂಡ.

ಜಲಜ ಊಟಕ್ಕೆ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲು ಬಂದವಳು ಅಲ್ಲಿಯೇ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಹ್ವಾಯ್, ನೀವ್ ಬಿಚ್ಚುದಾ, ಬಿಗಿ ಮಾಡುದಾ?"

"ಎಂತ?"

"ಎಡದ್ ಬಿಚ್ಚುವತಿಗೆ ಆ ಬದಿಗ್ ತಿರ್ಗ್ಸಿದ್ರಿ. ಈಗ ಮಲ್ಕಂಡ್ ಈ ಬದಿಗ್ ತಿರ್ಗ್ಸ್ತ್ರಿ."

ಉಮಾನಾಥ ಮಲಗಿದಲ್ಲೇ ಲೆಕ್ಕ ಹಾಕಿದ. ತಲೆ ಅಡಿಮೇಲಾಗಿ ಎಡ ಯಾವುದು, ಬಲ ಯಾವುದು ಎಂಬುದೇ ತಪ್ಪಿಹೋಗಿತ್ತು. ಮೂರು ಗಂಟೆ ಹೊತ್ತು ಅವನು ತುಕ್ಕು ಹಿಡಿದ ನಟ್ಟನ್ನು ಇದ್ದ ಬಲವೆಲ್ಲ ಹಾಕಿ ಬಿಗಿ ಮಾಡುತ್ತಿದ್ದ! ಪ್ರೇಮಾನಂದ ಕೆಮ್ಮಿದ. ಅದು ನಗೆಯೆಂದು ಉಮಾನಾಥನಿಗೆ ಗೊತ್ತಾಯಿತು.

ತಿರುಗಿಸಬೇಕಾದ ಬದಿಗೆ ತಿರುಗಿಸಿದಾಗಲೂ ನಟ್ಟು ಮೈ ಬಿಟ್ಟುಕೊಡುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಎರಡೂ ಶಾಕಪ್ಪು ಕಳಚಿದ್ದೇ ತಡ, ಬೈಕಿನ ಹಿಂಭಾಗ ಚಕ್ರದ ಮೇಲೆ ಕುಸಿದು ಕೂತಿತು. ಹೊಸದನ್ನು ಮೇಲಿನ ಬೋಲ್ಟಿಗೆ ಹಾಕಿದರೆ ಕೆಳಗಿನ ತೂತು ನಾಲ್ಕು ಬೆರಳು ಆಚೆ.

"ಒಂದ್ ಬಿಚ್ಚಿ, ಹೊಸ್ತ್ ಹಾಕಿ, ಆಮೇಲೆ ಇನ್ನೊಂದ್ ಬಿಚ್ಚುಕಿತ್ತ್," ಎಂದ ಪ್ರೇಮಾನಂದ.

"ಅದನ್ ಬೆಳಿಗ್ಗೆ ಹೇಳುಕ್ ಎಂತ ಆಯಿತ್ ನಿಂಗೆ?"

"ನೀ ಕೇಳ್ಲಿಲ್ಲೆ ಅಲ್ದಾ?"

ಉಮಾನಾಥ ಸ್ಪ್ಯಾನರನ್ನು ಬಾಳೆಯ ಬುಡಕ್ಕೆ ಎಸೆದು ಜಗಲಿಗೆ ಹೋಗಿ ಕೂತ. ಬೈಕು ಅಂಗಳದಲ್ಲಿ ಬೆನ್ನು ಮುರಿದ ಎಮ್ಮೆಯಂತಿತ್ತು. ನಾಳೆ ಗಾಳಿ ಇಳಿದರೆ ಬೋಟು ಹೋಗುತ್ತದೆ, ಮೀನು ಬರುತ್ತದೆ, ತಾನು ಮಾತ್ರ ಇದನ್ನು ಟೆಂಪೋದಲ್ಲಿ ಹೇರಿಕೊಂಡು ಆ ಕಿಟ್ಟನ ಮುಂದೆ ನಿಲ್ಲಬೇಕು. ಅದನ್ನು ನೆನೆದೇ ಅವನ ಮೈ ಉರಿಯಿತು.

ಜಲಜ ಕೊಟ್ಟಿಗೆಯ ಮೂಲೆಯಿಂದ ಒನಕೆ ತಂದಳು. ಬಾವಿಕಟ್ಟೆಯ ಹತ್ತಿರವಿದ್ದ ಎರಡು ಕೆಂಪುಕಲ್ಲನ್ನು ಹೊತ್ತು ತಂದು ಒಂದರ ಮೇಲೊಂದಿಟ್ಟಳು. ಒನಕೆಯ ತುದಿಯನ್ನು ಕ್ಯಾರಿಯರಿನ ಕಂಬಿಯಡಿಗೆ ತೂರಿಸಿ, ಕಲ್ಲಿನ ಮೇಲೆ ಆನಿಸಿ, ಇನ್ನೊಂದು ತುದಿಯ ಮೇಲೆ ಮೈಭಾರ ಹಾಕಿದಳು. ಬೈಕಿನ ಹಿಂಭಾಗ ಮೆಲ್ಲಗೆ ಎದ್ದಿತು.

"ಪ್ರೇಮಾನಂದಣ್ಣ, ನೀವ್ ಹ್ಯಾಂಡಲ್ ಹಿಡ್ಕಣಿ. ಹ್ವಾಯ್, ಇಲ್ಲಿ ಬನ್ನಿ. ನಾ ಒತ್ತಿ ಹಿಡಿತೆ, ನೀವ್ ಬೋಲ್ಟ್ ಹಾಕಿ. ಮೊದ್ಲ್ ಆ ಬೈಗುಳ ನಿಲ್ಸಿ."

ಮದುವೆಯಾದ ಹೊಸತರಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬಸ್ರೂರಿನವರೆಗೆ ನಡೆದವಳು ಅವಳು. ಭಾರವನ್ನು ಹೇಗೆ ಎತ್ತಬೇಕೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಒಂದು ಬೋಲ್ಟು ಹೋಯಿತು, ಇನ್ನೊಂದೂ ಹೋಯಿತು. ಬೆಳಿಗ್ಗೆಯೇ ಇವಳನ್ನು ಕರೆದಿದ್ದರೆ ಎಂದು ಉಮಾನಾಥನಿಗೆ ಅನಿಸಿತು.

ಸ್ಪ್ರಿಂಗಿನ ಬುಡದಲ್ಲಿ ಬಿಗಿ ಹೆಚ್ಚು ಕಡಿಮೆ ಮಾಡುವ ಬಳೆಯಿರುತ್ತದೆ. ಮೀನಿನ ಭಾರವಿದೆಯಲ್ಲ ಎಂದು ಅವನು ಅದನ್ನು ಕೊನೆಯ ಹಲ್ಲಿನವರೆಗೆ ಬಿಗಿದ. ಮರುದಿನ ತುಂಬಿದ ಪೆಟ್ಟಿಗೆ ಹೆಮ್ಮಾಡಿ ದಾಟುವಾಗ ಅಲುಗಲಿಲ್ಲ. ಕಿಟ್ಟನ ಗ್ಯಾರೇಜಿನ ಎದುರು ಬೇಕೆಂದೇ ನಿಧಾನ ಮಾಡಿದ. ಕಿಟ್ಟ ತಲೆಯೆತ್ತಲೇ ಇಲ್ಲ.

ಆ ಉಮೇದಿನಲ್ಲಿ ಮಧ್ಯಾಹ್ನ ಜಲಜಳನ್ನು ಕೂರಿಸಿಕೊಂಡು ಕುಂದಾಪುರಕ್ಕೆ ಹೊರಟ. ಪೆಟ್ಟಿಗೆಯ ಭಾರವಿಲ್ಲದೆ ಬಿಗಿದ ಸ್ಪ್ರಿಂಗು ಬಗ್ಗದೆ, ಬೈಕು ಪ್ರತಿ ಕಲ್ಲಿಗೂ ಕಟ್ಟಿಗೆಯಂತೆ ಕುಟ್ಟಿತು. ತಲ್ಲೂರು ಪೇಟೆಯಲ್ಲಿ ಜಲಜ ಅವನ ಬೆನ್ನು ತಟ್ಟಿ ನಿಲ್ಲಿಸಿ ಇಳಿದಳು.

"ನಾ ಬಸ್ಸಂಗೆ ಬತ್ತೆ. ನೀವ್ ಮುಂದೆ ಹೋಯ್ನಿ."

"ಅರೆ! ಹೊಸ ಶಾಕಪ್ ಮಾರಾಯ್ತಿ!"

"ಹೊಸ್ತೇ. ನನ್ ಸೊಂಟ ಹಳ್ತ್."

ಬಸ್ಸಿನ ಹಿಂದೆ ಧೂಳು ಕುಡಿಯುತ್ತ, ಗೊಣಗುತ್ತ ಅವನು ಕುಂದಾಪುರ ಮುಟ್ಟಿದ. ಸಂಜೆ ಮನೆಗೆ ಬಂದು, ಅಂಗಿಯನ್ನೂ ಬಿಚ್ಚದೆ ಕೂತು ಆ ಬಳೆಗಳನ್ನು ಎರಡೆರಡು ಹಲ್ಲು ಸಡಿಲಿಸಿದ. ಜಲಜ ಹಿಂದೆ ಕೂತು ಕೋಟದ ತಂಗಿಯ ಮನೆಯವರೆಗೆ ಹೋಗಲು ಒಪ್ಪಿದ್ದು ಮತ್ತೆ ಹದಿನೈದು ದಿನ ಬಿಟ್ಟು. ಇಳಿದ ಮೇಲೆ ಸೆರಗು ಸರಿಮಾಡಿಕೊಂಡು, "ಅಡ್ಡಿಲ್ಲೆ," ಎಂದಳು.

ಜಲಜಳ ಬಾಯಿಂದ ಅಷ್ಟು ಬಂದರೆ ಬಹಳ ಬಂದ ಹಾಗೆ.