ಡ್ರಮ್ಮಿಗೆ ವಾಪಸು ಬಂದ ಕ್ಲೋರಮೈನ್

ಸ್ನೇಹಿತರೇ, ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಹಾಸನದ ನಮ್ಮ ನಲ್ಲಿನೀರಿಗೆ ಕ್ರಿಮಿ ಸಾಯಲೆಂದು ಬೆರೆಸುವ ಕ್ಲೋರಮೈನ್ ನನ್ನ ಅಕ್ವೇರಿಯಂನ ಜೀವಂತ ಹವಳಗಳಿಗೆ ವಿಷ. ಅದಕ್ಕೇ ನಿನ್ನೆ ಕಾರ್ಬನ್ ಫಿಲ್ಟರಿನಲ್ಲಿ ಒಂದು ಡ್ರಮ್ ನೀರು ಸೋಸಿಟ್ಟಿದ್ದೆ. ಪರೀಕ್ಷೆಯ ಪಟ್ಟಿ ಅದ್ದಿದರೆ ಬಿಳಿಯಾಗಿಯೇ ಉಳಿಯಿತು, ಅಂದರೆ ಶುದ್ಧ. ಇವತ್ತು ಅದೇ ಡ್ರಮ್ಮಿಗೆ ಅದ್ದಿದರೆ ಬಣ್ಣ ಬಂತು! ಹೋದ ವಿಷ ವಾಪಸು ಬಂದದ್ದು ಹೇಗೆ? ಮೂರು ಪಟ್ಟಿ ಹಾಳು ಮಾಡಿದೆ.

ಕೊನೆಗೆ ಅವ್ವ ಅಂದಳು: “ನೆನ್ನೆ ನೀರ ಇವತ್ತು ಯಾರ್ಲಾ ಮಡಿಕತ್ತಾರೆ? ಚೆಲ್ಬುಟ್ಟು, ನಲ್ಲೀಲಿ ಒಸಾ ನೀರು ತುಂಬಿವ್ನಿ ಕಣ್ಲಾ. ತೊಟ್ಟೀಲಿರೋವೂ ಜೀವ ಅಲ್ವಾ?”

ಮತ್ತೆ ಫಿಲ್ಟರ್ ಮಾಡಿದೆ. ಈ ಸಲ ಡ್ರಮ್ಮಿಗೆ ಕುಂಕುಮ ಇಟ್ಟು, “ಗಂಗೆ ಕಣವ್ವ, ಚೆಲ್ಬೇಡ” ಅಂದೆ. ಕೈಮುಗಿದು ಹೋದಳು.

ಹವಳವೇನೋ ಬಚಾವಾಯಿತು. ಆದರೆ ಸಂಜೆ ಆ ನೀರಿಗೆ ಸಮುದ್ರದ ಉಪ್ಪು ಬೆರೆಸಬೇಕು. ಗಂಗೆಗೆ ಯಾಕ್ಲಾ ಉಪ್ಪು ಅಂತ ಅವ್ವ ಕೇಳಿದರೆ ಏನು ಹೇಳಲಿ?