ಅಮ್ಮನ ಮುಖ ಹುಡುಕುವ ಮೊಬೈಲಕ್ಕ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಕಿಟಕಿಯ ಪಕ್ಕ ಒಂದು ಮರದ ಸ್ಟೂಲು, ಅದರ ಮೇಲೆ ಸಕ್ಕರೆ ಡಬ್ಬಿ. ನಲವತ್ತೆಂಟು ವರ್ಷದ ಪತ್ರಕರ್ತೆಯೊಬ್ಬರು ಅದರೆದುರು ಮಂಡಿಯೂರಿ, ಹೊಸ ಫೋನಿನಲ್ಲಿ ಡಬ್ಬಿಯ ಫೋಟೊ ತೆಗೆಯುತ್ತಿದ್ದಾರೆ. ಮಬ್ಬು ಬೆಳಕಿನಲ್ಲಿ ಈ ಕ್ಯಾಮೆರಾದ ಬಂಡವಾಳವೇನು ಎಂದು ಒಂಬತ್ತು ಗಂಟೆಯೊಳಗೆ ಬರೆದು ಕಳಿಸಬೇಕು. ಹೋದ ವರ್ಷದವರೆಗೆ ಆ ಸ್ಟೂಲಿನ ಮೇಲೆ ಡಬ್ಬಿಯಲ್ಲ, ಅವರ ಅಮ್ಮ ಕೂರುತ್ತಿದ್ದರು.

ಬೀದಿಯವರ ಬಾಯಲ್ಲಿ ಇವರು ಮೊಬೈಲಕ್ಕ. ಯಾರ ಫೋನು ಮುನಿಸಿಕೊಂಡರೂ ಇವರ ಬಾಗಿಲು ತಟ್ಟುತ್ತಾರೆ. ನಾನು ಬರೆಯುವವಳು, ರಿಪೇರಿಯವಳಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಾಗಿದ್ದಾರೆ. ಇಪ್ಪತ್ತಮೂರು ವರ್ಷದ ಹಿಂದೆ ಪತ್ರಿಕೆಯೊಂದಕ್ಕೆ ಸಿನಿಮಾ ವರದಿಗಾರ್ತಿಯಾಗಿ ಸೇರಿದವರು. ಪತ್ರಿಕೆ ಸೊರಗಿ ಬರೀ ವೆಬ್‌ಸೈಟ್ ಆದಾಗ, ಸಿನಿಮಾನೂ ಪರದೆ, ಮೊಬೈಲೂ ಪರದೆ, ಒಬ್ಬರೇ ಸಾಕು ಎಂದು ಸಂಪಾದಕರು ಎರಡು ಕುರ್ಚಿ ಸೇರಿಸಿ ಒಂದು ಮಾಡಿದರು. ಅಂದಿನಿಂದ ದಿನಕ್ಕೆ ಆರು ಸುದ್ದಿ, ವಾರಕ್ಕೆ ಎರಡು ಸಿನಿಮಾ, ಜೊತೆಗೆ ಫೋನುಗಳು. ಹೆಸರಿನ ಜಾಗದಲ್ಲಿ ‘ನಮ್ಮ ಪ್ರತಿನಿಧಿ’. ಓದುಗರ ಬೈಗುಳವೂ ನಮ್ಮ ಪ್ರತಿನಿಧಿಗೇ.

ಇದುವರೆಗೆ ಮುನ್ನೂರ ಹನ್ನೊಂದು ಫೋನುಗಳು ಅವರ ಕೈ ದಾಟಿವೆ. ಒಂದೂ ಅವರದಲ್ಲ. ವಿಮರ್ಶೆಗೆಂದು ಕಂಪನಿ ಕಳಿಸುತ್ತದೆ, ಹದಿನಾಲ್ಕನೇ ದಿನ ಕೊರಿಯರಿನವರು ಬಂದು ಒಯ್ಯುತ್ತಾರೆ. ಕೊಡುವ ಮೊದಲು ಒಳಗಿರುವುದನ್ನೆಲ್ಲ ಅಳಿಸಿ ಖಾಲಿ ಮಾಡಬೇಕು. ಸ್ವಂತದ್ದು ಗಾಜು ಒಡೆದ ಹಳೆಯ ಫೋನು, ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿದೆ. ಕೈಯಲ್ಲಿ ಸದಾ ಹೊಸದೊಂದು ಇರುವಾಗ ಅದನ್ನು ಬದಲಾಯಿಸುವ ಗೋಜಿಗೇ ಹೋಗಲಿಲ್ಲ.

ಕ್ಯಾಮೆರಾ ಪರೀಕ್ಷೆಗೆ ಮನುಷ್ಯರ ಮುಖ ಬೇಕು. ಮದುವೆಯಾಗದ ಮಗಳಿಗೆ ಮನೆಯಲ್ಲಿ ಸಿಗುತ್ತಿದ್ದ ಮುಖ ಅಮ್ಮನದೊಂದೇ. ಕಿಟಕಿ ಬೆಳಕಿನಲ್ಲಿ ಅಮ್ಮ, ಟ್ಯೂಬ್‌ಲೈಟಿನಲ್ಲಿ ಅಮ್ಮ, ದೂರದಿಂದ ಅಮ್ಮ. ಚಿತ್ರ ಫೋನಿನಿಂದ ನೇರವಾಗಿ ವೆಬ್‌ಸೈಟಿಗೆ ಹೋಗುತ್ತಿತ್ತು. “ನನ್ನ ಸುಕ್ಕು ಎಣಿಸೋಕೆ ಊರಿಗೆಲ್ಲ ಹಂಚ್ತೀಯಲ್ಲೇ, ಪೌಡರಾದ್ರೂ ಹಾಕ್ಕೊಳ್ಳೋಕೆ ಬಿಡು,” ಎಂದು ಅಮ್ಮ ಗೊಣಗುತ್ತಿದ್ದರಂತೆ. ಪೌಡರ್ ಹಾಕಿದರೆ ಚರ್ಮದ ನಿಜವಾದ ಬಣ್ಣ ತಿಳಿಯುವುದಿಲ್ಲ ಎಂದು ಮಗಳು ಬಿಡುತ್ತಿರಲಿಲ್ಲ. ಬಿಡಬೇಕಿತ್ತು ಎಂದು ಈಗ ಹೇಳುತ್ತಾರೆ.

ಅಮ್ಮ ತೀರಿಕೊಂಡ ವಾರ ಮನೆಯಲ್ಲಿದ್ದ ಫೋನಿನಲ್ಲಿ ಅಮ್ಮನ ನಾಲ್ಕು ನಿಮಿಷದ ವಿಡಿಯೊ ಇತ್ತು, ಮೈಕ್ ಪರೀಕ್ಷೆಗೆಂದು ಮಾತಾಡಿಸಿದ್ದು. ಅಂತ್ಯಕ್ರಿಯೆ ಮುಗಿದ ಮೂರನೇ ದಿನಕ್ಕೆ ಕೊರಿಯರಿನವರು ಬಂದರು. “ಬಾಗಿಲಲ್ಲಿ ಕಾಯ್ತಾ ನಿಂತಿದ್ರು ಪಾಪ. ನಾನು ಯೋಚನೇನೇ ಮಾಡ್ಲಿಲ್ಲ. ಮುನ್ನೂರು ಸಲ ಮಾಡಿದ ಕೈ ಅದು, ತಾನಾಗೇ ಎಲ್ಲ ಅಳಿಸ್ತು. ಸಹಿ ಹಾಕಿ ಕೊಟ್ಟೆ. ಬಾಗಿಲು ಹಾಕ್ಕೊಂಡ ಮೇಲೆ ಗೊತ್ತಾಯ್ತು.” ಫಲವಿಲ್ಲ ಎಂದು ಗೊತ್ತಿದ್ದೂ ಮೂರು ಮಹಡಿ ಇಳಿದು ಓಡಿದರಂತೆ.

ಆದರೂ ವೆಬ್‌ಸೈಟಿನ ಹನ್ನೊಂದು ವರ್ಷದ ವಿಮರ್ಶೆಗಳಲ್ಲಿ ಅಮ್ಮ ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡರು. ಆ ಚಿತ್ರಗಳನ್ನು ತೆರೆದು ನೋಡಲು ಮನಸ್ಸು ಗಟ್ಟಿಯಾಗುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಅಷ್ಟರೊಳಗೆ ವೆಬ್‌ಸೈಟು ಬೇರೆಯವರ ಕೈಗೆ ಹೋಗಿ, ಹೊಸ ಮಾಲೀಕರು ಜಾಗ ಉಳಿಸಲು ಹಳೆಯ ಚಿತ್ರಗಳನ್ನೆಲ್ಲ ಗುಡಿಸಿ ಹಾಕಿದ್ದರು. ಅಮ್ಮ ಇದ್ದಲ್ಲೆಲ್ಲ ಬೂದು ಬಣ್ಣದ ಚೌಕ. ಆಫೀಸಿನ ತಾಂತ್ರಿಕ ವಿಭಾಗದವರನ್ನು ಕೇಳಿದರೆ, ಬ್ಯಾಕಪ್ ಇದ್ದಿದ್ದರೆ ಖಂಡಿತ ಕೊಡುತ್ತಿದ್ದೆವು ಮೇಡಂ ಎಂದು ತಲೆ ತಗ್ಗಿಸಿದರು. ಮನೆಯ ಆಲ್ಬಮ್ಮಿನಲ್ಲಿ ಅಮ್ಮನ ಮದುವೆಯ ಕಪ್ಪುಬಿಳುಪು ಚಿತ್ರವೊಂದೇ ಇದೆ. ಅದು ಮಗಳು ಕಂಡ ಅಮ್ಮನಲ್ಲ.

ಇಂದಿಗೂ ಆ ವೆಬ್‌ಸೈಟಿನಲ್ಲಿ ಜನ ಅತಿ ಹೆಚ್ಚು ಓದುವ ಲೇಖನ ‘ಫೋಟೊ ಕಳೆದುಕೊಳ್ಳದಿರಲು ಐದು ದಾರಿ’. “ಬರೆದಿದ್ದು ನಾನೇ. ಪ್ರತಿ ವರ್ಷ ತಿದ್ದಿ ಹೊಸದು ಮಾಡಿಕೊಡ್ತೀನಿ,” ಎಂದು ಮೊಬೈಲಕ್ಕ ನಗುತ್ತಾರೆ. ಆ ನಗು ನೋಡಲಾಗುವುದಿಲ್ಲ.

ಕಳೆದ ತಿಂಗಳು ಫೋನ್ ವಿಮರ್ಶೆಯೊಂದರ ಕೊನೆಗೆ ಎರಡು ಸಾಲು ಸೇರಿಸಿದರು: ನಮ್ಮ ಹಳೆಯ ವಿಮರ್ಶೆಗಳಲ್ಲಿದ್ದ ವಯಸ್ಸಾದ ಹೆಂಗಸಿನ ಚಿತ್ರ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳಿಸಿ. ಒಂಬತ್ತು ಉತ್ತರ ಬಂದವು. ಎಂಟು ಮಂದಿ ಯಾವ ಫೋನು ಕೊಂಡರೆ ಒಳ್ಳೆಯದೆಂದು ಕೇಳಿದ್ದರು. ಒಬ್ಬ ಮೊಬೈಲ್ ಅಂಗಡಿಯವರು ಮಾತ್ರ, ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಚಿತ್ರವೊಂದನ್ನು ಕಳಿಸಿದ್ದರು. ಹತ್ತು ಪಟ್ಟು ಝೂಮ್ ಪರೀಕ್ಷೆಯದು. ಬೀದಿಯ ಆ ತುದಿಯಲ್ಲಿ ಅಮ್ಮ ನಿಂತಿದ್ದಾರೆ. ಕೈಚೀಲ ಗೊತ್ತಾಗುತ್ತದೆ, ನಿಂತ ಭಂಗಿ ಗೊತ್ತಾಗುತ್ತದೆ. ಮುಖದ ಜಾಗದಲ್ಲಿ ಕಲಸಿಹೋದ ಬಣ್ಣ.

ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಮತ್ತೆ ಚಿಕ್ಕದು ಮಾಡಿ ಅವರು ಹೇಳುತ್ತಾರೆ:

“ಝೂಮ್ ಚೆನ್ನಾಗಿದೆ ಅಂತ ಬರೀರಿ ಅಂತ ಕಂಪನಿಯವರು ಆವತ್ತು ದುಂಬಾಲು ಬಿದ್ದಿದ್ರು. ನಾನು ಬಗ್ಗಲಿಲ್ಲ. ದೂರ ಇರೋರ ಮುಖ ಇದರಲ್ಲಿ ಕಾಣಲ್ಲ, ನಂಬಿ ಮೋಸ ಹೋಗಬೇಡಿ ಅಂತಾನೇ ಬರೆದೆ. ನೋಡಿ, ನಾನು ಬರೆದಿದ್ದು ಸುಳ್ಳಾಗಿಲ್ಲ.”