ಕೊಹಿನೂರ ಯಾರದು?

ಏನೇ ಸಂಶಯ ಬರಲಿ, ಜೇಬಿನಿಂದ ಮೊಬೈಲು ತೆಗೆದು ಹುಡುಕುವ ಚಟ ನನಗಿದೆ. ಯಾವ ಗುಡಿಯನ್ನು ಯಾವ ಅರಸ ಕಟ್ಟಿಸಿದ, ಅವನ ಮಗಳನ್ನು ಯಾವ ಮನೆತನಕ್ಕೆ ಕೊಟ್ಟಿದ್ದರು ಎಂಬುದೆಲ್ಲ ಅದಕ್ಕೆ ಬಾಯಿಪಾಠ. ಊರ ಹಿರಿಯರ ಹಾಗೆ ಅದೂ ಸಂಬಂಧ ಹಿಡಿದೇ ಮಾತಾಡುತ್ತದೆ ಎಂದು ನಾನು ಶಾಲೆಯ ಮಕ್ಕಳೆದುರು ಹೊಗಳಿದ್ದೂ ಉಂಟು.

ಕಳೆದ ತಿಂಗಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಸದ್ದಿಲ್ಲದೆ ನನ್ನ ಭುಜಕ್ಕೆ ಒರಗಿದಳು. ಮೈ ಕೆಂಡ. ಗಾಯಕ್ಕೆ ಸುತ್ತಿದ ಬಟ್ಟೆಯ ಕೆಳಗೆ ಪಾದ ಬಾತುಕೊಂಡಿತ್ತು. ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಸಿರಿಂಜು ತುಂಬಿದರು. ಮುದುಕಿ ಕೈ ಅಡ್ಡ ಹಿಡಿದು, "ಸೂಜಿ ಬ್ಯಾಡ್ರಿ" ಎಂದು ತೊದಲಿದಳು. ಹೆದರಿಕೆಯೋ, ಹಿಂದೆ ಏನಾದರೂ ಆಗಿತ್ತೋ?

"ಮನಿಯವರ್ನ ಕೇಳ್ರಿ, ಲಗೂನ. ಈ ಔಷಧ ಕೆಲವ್ರಿಗೆ ಆಗಿಬರಂಗಿಲ್ಲ. ತಡಾ ಮಾಡಾಕೂ ಬರಂಗಿಲ್ಲ" ಎಂದರು ಡಾಕ್ಟರಮ್ಮ.

ಮುದುಕಿಯ ಬಾಯಿಂದ ಸಿಕ್ಕಿದ್ದು ಮೂರೇ ಸಂಗತಿ: ಊರು ಕೊಹಿನೂರ, ಮಗಳು ಶಾಂತಾಬಾಯಿ, ಅಳಿಯನದು ರಾಜೇಶ್ವರದಲ್ಲಿ ಹಿಟ್ಟಿನ ಗಿರಣಿ.

ಮೊಬೈಲಿನಲ್ಲಿ 'ಕೊಹಿನೂರ' ಎಂದು ಒತ್ತಿದೆ. ಬಂದದ್ದು ವಜ್ರ! ಅದು ಯಾವ ದೊರೆಯಿಂದ ಯಾವ ರಾಣಿಗೆ ಹೋಯಿತು, ಈಗ ಯಾರ ಕಿರೀಟದಲ್ಲಿದೆ ಎಂದು ವಂಶಾವಳಿಯೇ ಬಿಚ್ಚಿಕೊಂಡಿತು. ನಮ್ಮ ಬಸವಕಲ್ಯಾಣ ತಾಲೂಕಿನ ಕೊಹಿನೂರ ಎಲ್ಲೋ ಕೆಳಗೆ, ಪಿನ್‌ಕೋಡಿನೊಡನೆ ಮುದುಡಿ ಕೂತಿತ್ತು. 'ಶಾಂತಾಬಾಯಿ' ಎಂದು ಒತ್ತಿದರೆ ನೂರಾರು ಮಂದಿ ಬಂದರು, ಅದರಲ್ಲಿ ಒಬ್ಬರಿಗೂ ತಾಯಿ ಇರಲಿಲ್ಲ.

ಕೊನೆಗೆ 'ರಾಜೇಶ್ವರ ಗಿರಣಿ' ಎಂದು ಹುಡುಕಿದಾಗ ಒಂದು ನಂಬರು ಸಿಕ್ಕಿತು. ಗದ್ದಲದೊಳಗಿಂದ ಒಬ್ಬ ಗಂಡಸು ಕೂಗಿದ:

"ಶಾಂತಾಬಾಯಿ? ಯಾರ ಪೈಕಿ ರೀ?"

"ತವರು ಕೊಹಿನೂರ. ಅವರ ತಾಯಿಗೆ ಭಾಳ ಆರಾಮಿಲ್ರಿ!"

"ಹಾಂ, ಅವರ ಗಿರಣಿ ಬ್ಯಾರೆ ರೀ, ಊರ ಅಗಸಿ ಬಾಗಲ ಬಾಜೂಕ ಅದ. ಫೋನ್ ಇಡಬ್ಯಾಡ್ರಿ, ಓಡಾಕತ್ತೇನಿ!"

ಅವನ ಏದುಸಿರು, ಚಪ್ಪಲಿಯ ಸದ್ದು, ಒಂದು ನಾಯಿ ಬೊಗಳಿದ್ದು ಎಲ್ಲವೂ ಕೇಳಿಸಿತು. ಆಮೇಲೆ ಶಾಂತಾಬಾಯಿ ಫೋನಿಗೆ ಬಂದಳು; ಹುಮನಾಬಾದ್ ಆಸ್ಪತ್ರೆ, ಸೂಜಿ ಎಂದು ನಾನು ಹೇಳುತ್ತಿದ್ದಂತೆ ಚೀರಿದಳು:

"ಸೂಜಿ ಮಾಡಿಸಬ್ಯಾಡ್ರಿ ಯಪ್ಪಾ! ಹ್ವಾದ ವರ್ಷ ಮಾಡಿದಾಗ ಉಸಿರೇ ನಿಂತಿತ್ತು!"

ಡಾಕ್ಟರಮ್ಮ ಫೋನು ಕಸಿದುಕೊಂಡು ಔಷಧದ ಹೆಸರು ಕೇಳಿದರು. ಅದು ಶಾಂತಾಬಾಯಿಯ ನಾಲಗೆಯ ತುದಿಯಲ್ಲೇ ಇತ್ತು. ಡಾಕ್ಟರಮ್ಮ ಅದೇ ಔಷಧ ತುಂಬಿದ್ದ ಸಿರಿಂಜನ್ನು ಬುಟ್ಟಿಗೆ ಎಸೆದು, ಬೇರೆ ಔಷಧ ಏರಿಸಿದರು.

ಅಷ್ಟರಲ್ಲಿ ನರ್ಸ್ ದಾಖಲಾತಿಯ ಫಾರಂ ಹಿಡಿದು ಬಂದಳು. "ನೀವು ಇವರಿಗೆ ಏನಾಗಬೇಕ್ರಿ? ಸಂಬಂಧ ಬರೀಬೇಕು."

ಮುದುಕಿ ಕಣ್ಣು ಮುಚ್ಚಿಕೊಂಡೇ, "ತಮ್ಮ ಅಂತ ಬರಕೋ ಯವ್ವಾ" ಎಂದಳು.

ಅರ್ಧ ಗಂಟೆಯಲ್ಲಿ ಶಾಂತಾಬಾಯಿ ಓಡಿಬಂದಾಗ, ಎಂದೂ ಕಾಣದ ಅವಳಿಗೆ ನಾನಾಗಲೇ ಸೋದರಮಾವನಾಗಿದ್ದೆ.